ಯೇಸುವನ್ನು ಕೊಂದವರು ಯಾರು? ಒಂದು ವಚನ, ಎರಡು ಸಾವಿರ ವರ್ಷಗಳ ದ್ವೇಷ

ಪ್ರಶ್ನೆ: ನಾನು ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಗುಡ್ ಫ್ರೈಡೇಗೆ ಮುಂಚೆ ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯ ಓದಿಸುತ್ತಿದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬ, "ಯೇಸುವನ್ನು ಕೊಂದಿದ್ದು ಯೆಹೂದ್ಯರು ಅಲ್ವಾ? ಅದಕ್ಕೇನಾ ಹಿಟ್ಲರ್ ಅವರನ್ನೆಲ್ಲ ಕೊಂದಿದ್ದು?" ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೂ ಒಬ್ಬರು "ಅದು ಅವರೇ ಕೇಳಿ ಪಡೆದ ಶಾಪ" ಎಂದು ಬರೆದಿದ್ದರು. ಈ ದ್ವೇಷದ ಬೇರು ನಿಜಕ್ಕೂ ಧರ್ಮಗ್ರಂಥದಲ್ಲೇ ಇದೆಯೇ? ಕುರ್‌ಆನ್‌ನಲ್ಲೂ ಇದೆ ಅಂತಾರೆ, ಹೌದೇ?

ಉತ್ತರ: ಮೊದಲು ಆ ಹುಡುಗನಿಗೆ ನೇರವಾಗಿ ಉತ್ತರ ಹೇಳಿಬಿಡಿ. ಯೇಸುವನ್ನು ಕೊಲ್ಲಿಸಿದ್ದು ರೋಮ್ ಸರ್ಕಾರ. ಶಿಲುಬೆಗೇರಿಸುವುದು ರೋಮನ್ನರ ಶಿಕ್ಷೆ. ದಂಗೆ ಎದ್ದವರಿಗೆ, ಗುಲಾಮರಿಗೆ ಕೊಡುತ್ತಿದ್ದ ಶಿಕ್ಷೆ ಅದು. ತೀರ್ಪು ಕೊಟ್ಟವನು ಪೊಂತ್ಯ ಪಿಲಾತ. ಕ್ರಿ.ಶ. 26ರಿಂದ 36ರವರೆಗೆ ಯೂದಾಯ ಅವನ ಆಡಳಿತದಲ್ಲಿತ್ತು. ಮೊಳೆ ಹೊಡೆದವರು ಅವನ ಸಿಪಾಯಿಗಳು. ಶಿಲುಬೆಯ ತುದಿಯಲ್ಲಿ ಐ ಎನ್ ಆರ್ ಐ ಎಂಬ ನಾಲ್ಕು ಅಕ್ಷರದ ಪುಟ್ಟ ಹಲಗೆ ಇರುವುದನ್ನು ನೀವು ನೋಡಿರುತ್ತೀರಿ. "ನಜರೇತಿನ ಯೇಸು, ಯೆಹೂದ್ಯರ ಅರಸ" ಎನ್ನುವುದರ ಲ್ಯಾಟಿನ್ ಮೊದಲಕ್ಷರಗಳು. ಈಗ ಅದು ನಮಗೆ ಬಿರುದಿನ ಹಾಗೆ ಕಾಣುತ್ತದೆ. ಅವತ್ತು ಅದು ಆರೋಪದ ಹಲಗೆ. ಚಕ್ರವರ್ತಿ ಇರುವಾಗ ಇನ್ನೊಬ್ಬ ಅರಸ ಅನ್ನಿಸಿಕೊಳ್ಳುವುದು ರೋಮಿನ ಕಣ್ಣಲ್ಲಿ ರಾಜದ್ರೋಹ.

ಹಾಗಂತ ದೇವಾಲಯದ ಮುಖಂಡರು ಏನೂ ಮಾಡಲಿಲ್ಲ ಅಂತಲ್ಲ. ಮಹಾಯಾಜಕನೂ ಅವನ ಸುತ್ತಲಿನವರೂ ಯೇಸುವನ್ನು ಹಿಡಿಸಿ ಪಿಲಾತನಿಗೆ ಒಪ್ಪಿಸಿದರು ಎಂದು ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಆದರೆ ಆ ಕಾಲದ ಯೂದಾಯದಲ್ಲಿ ಮಹಾಯಾಜಕನನ್ನು ನೇಮಿಸುತ್ತಿದ್ದದ್ದೂ ತೆಗೆಯುತ್ತಿದ್ದದ್ದೂ ರೋಮಿನ ಅಧಿಕಾರಿಯೇ. ಊರಿನ ಕೆಲವು ದೊಡ್ಡವರು ದೊರೆಯ ಜೊತೆ ಕೈಜೋಡಿಸಿದರು, ಅಷ್ಟೇ. ಯೇಸು ಯೆಹೂದ್ಯ. ತಾಯಿ ಮರಿಯಳು ಯೆಹೂದ್ಯಳು. ಹನ್ನೆರಡು ಶಿಷ್ಯರೂ ಯೆಹೂದ್ಯರು. ಶಿಲುಬೆಯ ಬಳಿ ನಿಂತು ಅತ್ತ ಹೆಂಗಸರೂ ಯೆಹೂದ್ಯರೇ. ಆಗ ಯೆಹೂದ್ಯರಲ್ಲಿ ಬಹಳಷ್ಟು ಜನ ಅಲೆಕ್ಸಾಂಡ್ರಿಯಾ, ಬಾಬಿಲೋನ್, ರೋಮ್ ಅಂತ ದೂರದ ಊರುಗಳಲ್ಲಿ ಬದುಕುತ್ತಿದ್ದರು. ಅವರಿಗೆ ಯೇಸುವಿನ ಹೆಸರೇ ಗೊತ್ತಿರಲಿಲ್ಲ.

ಇನ್ನು ನೀವು ಓದಿಸುತ್ತಿದ್ದ ಅಧ್ಯಾಯ. ತೊಂದರೆ ಇರುವುದು 25ನೇ ವಚನದಲ್ಲಿ. ಪಿಲಾತ ಕೈ ತೊಳೆದುಕೊಳ್ಳುತ್ತಾನೆ. "ಇವನ ರಕ್ತದ ಹೊಣೆ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ" ಎಂಬ ಅರ್ಥದಲ್ಲಿ ಜನರೆಲ್ಲ ಕೂಗುತ್ತಾರೆ. ಯೆಹೂದ್ಯರ ಚರಿತ್ರೆಯಲ್ಲಿ ಈ ಒಂದು ಸಾಲು ಮಾಡಿದಷ್ಟು ಅನಾಹುತ ಬೇರೆ ಯಾವ ಸಾಲೂ ಮಾಡಿಲ್ಲ ಅಂತ ನನಗನ್ನಿಸುತ್ತದೆ. ಕೈ ತೊಳೆದದ್ದಾಗಲಿ ಈ ಕೂಗಾಗಲಿ ಮಾರ್ಕ, ಲೂಕ, ಯೋಹಾನ ಮೂವರಲ್ಲೂ ಇಲ್ಲ. ಮತ್ತಾಯನಲ್ಲಿ ಮಾತ್ರ ಇದೆ.

ಯಾಕೆ ಹೀಗೆ? ಈ ಸುವಾರ್ತೆ ಬರೆದದ್ದು ಯೇಸು ತೀರಿಕೊಂಡು ಸುಮಾರು ಐವತ್ತು ವರ್ಷ ಆದ ಮೇಲೆ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಷ್ಟರಲ್ಲಿ ದೊಡ್ಡದೊಂದು ದುರಂತ ನಡೆದಿತ್ತು. ಕ್ರಿ.ಶ. 70ರಲ್ಲಿ ರೋಮ್ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತ್ತು. ಯೆಹೂದ್ಯರೆಲ್ಲ "ದೇವರು ಯಾಕೆ ಹೀಗೆ ಮಾಡಿದ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಯೇಸುವನ್ನು ನಂಬಿದ ಯೆಹೂದ್ಯರು ಕೊಟ್ಟ ಉತ್ತರ: ಆ ಜನ ಮತ್ತು ಅವರ ಮಕ್ಕಳು ಯೇಸುವನ್ನು ತಿರಸ್ಕರಿಸಿದ್ದಕ್ಕೆ. ಹಾಗೆ ನೋಡಿದರೆ "ನಮ್ಮ ಮಕ್ಕಳು" ಅಂದರೆ ಕ್ರಿ.ಶ. 70ರ ಬೆಂಕಿ ಕಂಡ ಆ ಒಂದು ತಲೆಮಾರು. ಎಂದೆಂದಿಗೂ ಹುಟ್ಟುವವರೆಲ್ಲ ಅಂತಲ್ಲ. ಇನ್ನೊಂದು ಕಾರಣವೂ ಇದೆ. ರೋಮಿನ ಆಳ್ವಿಕೆಯ ಕೆಳಗೆ ಬದುಕಬೇಕಾದ ಪುಟ್ಟ ಸಭೆಗೆ, ತಮ್ಮ ಗುರುವನ್ನು ರೋಮೇ ರಾಜದ್ರೋಹಿ ಅಂತ ಕೊಂದಿತ್ತು ಎನ್ನುವುದು ಅಪಾಯದ ಮಾತು. ಸುವಾರ್ತೆಗಳನ್ನು ಅವು ಬರೆಯಲ್ಪಟ್ಟ ಕ್ರಮದಲ್ಲಿ ಓದಿ ನೋಡಿ. ಒಂದರಿಂದ ಇನ್ನೊಂದಕ್ಕೆ ಪಿಲಾತ ಮೆತ್ತಗಾಗುತ್ತಾ ಹೋಗುತ್ತಾನೆ. ಅವನ ಹೊಣೆ ಕರಗಿದಷ್ಟೂ ಗುಂಪಿನ ಮೇಲಿನ ಭಾರ ಜಾಸ್ತಿ ಆಗುತ್ತದೆ.

ಯೋಹಾನನ ಸುವಾರ್ತೆಯಲ್ಲಿ ಇನ್ನೂ ಕಟು ಮಾತಿದೆ. 8ನೇ ಅಧ್ಯಾಯ 44ನೇ ವಚನದಲ್ಲಿ ಎದುರಾಳಿಗಳಿಗೆ "ಸೈತಾನನೇ ನಿಮ್ಮ ತಂದೆ" ಎಂಬ ಮಾತು ಬರುತ್ತದೆ. ಆ ಸುವಾರ್ತೆ ವಿರೋಧಿಗಳನ್ನು ಪದೇ ಪದೇ "ಯೆಹೂದ್ಯರು" ಎಂದೇ ಕರೆಯುತ್ತದೆ, ಮಾತಾಡುವವರೂ ಯೆಹೂದ್ಯರೇ ಆಗಿದ್ದಾಗಲೂ. ಮಧ್ಯಯುಗದ ಚಿತ್ರಗಳಲ್ಲಿ ಯೆಹೂದ್ಯರನ್ನು ಸೈತಾನನ ಜೊತೆ, ಕೊಂಬಿಟ್ಟು ಬರೆಯುವುದಕ್ಕೆ ಇಂಥ ಸಾಲುಗಳೇ ಆಸರೆಯಾದವು.

ಇವೆಲ್ಲ ಒಂದು ದಾಯಾದಿ ಜಗಳದ ಮಾತುಗಳು. ಅಣ್ಣ ತಮ್ಮಂದಿರು ಮನೆ ಪಾಲಾಗುವಾಗ ಆಡುವ ಮಾತು ಹೇಗಿರುತ್ತದೆ ಅಂತ ನಮಗೆ ಗೊತ್ತಲ್ಲ. ಯೆಹೂದ್ಯರ ಪ್ರವಾದಿಗಳೂ ತಮ್ಮ ಜನರನ್ನು ಹೀಗೇ ಬೈದಿದ್ದಾರೆ. ಯೆಶಾಯ ಮೊದಲ ಅಧ್ಯಾಯದಲ್ಲೇ ತನ್ನವರನ್ನು ಪಾಪಿಷ್ಠ ಜನಾಂಗ ಅನ್ನುತ್ತಾನೆ. ಆಮೋಸ ಇನ್ನೂ ಖಾರ. ತನ್ನ ತಪ್ಪನ್ನು ತಾನೇ ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟುಕೊಂಡ ಜನ ಅಪರೂಪ. ಆಮೇಲೆ ಬಂದ ಕ್ರೈಸ್ತ ಬೋಧಕರು ಮಾಡಿದ್ದೇನು ಗೊತ್ತೇ? ಪ್ರವಾದಿಗಳ ಆಶೀರ್ವಾದದ ಮಾತನ್ನೆಲ್ಲ ಸಭೆಗೆ ಇಟ್ಟುಕೊಂಡರು, ಬೈಗುಳವನ್ನೆಲ್ಲ ಯೆಹೂದ್ಯರಿಗೆ ಬಿಟ್ಟರು. ನನಗೆ ಬಹಳ ನೋವು ಕೊಡುವ ಸಂಗತಿ ಇದು. ಆ ಜನರ ಪಶ್ಚಾತ್ತಾಪವೇ ಅವರ ವಿರುದ್ಧ ಸಾಕ್ಷಿ ಆಯಿತು.

"ಶಾಪ" ಅಂದವರಿಗೆ ಬೈಬಲ್ಲೇ ಉತ್ತರ ಕೊಟ್ಟಿದೆ. ಯೆಹೆಜ್ಕೇಲನ 18ನೇ ಅಧ್ಯಾಯ ತೆಗೆಯಿರಿ: ತಂದೆಯ ಪಾಪದ ಫಲವನ್ನು ಮಗ ಹೊರುವುದಿಲ್ಲ. ಲೂಕನ 23ನೇ ಅಧ್ಯಾಯದಲ್ಲಿ ಯೇಸು ಶಿಲುಬೆಯ ಮೇಲಿಂದಲೇ ತನ್ನನ್ನು ಕೊಲ್ಲುವವರಿಗಾಗಿ ಕ್ಷಮೆ ಬೇಡುತ್ತಾನೆ. ಆ ಪ್ರಾರ್ಥನೆಯನ್ನು ತಂದೆ ಕೇಳಲಿಲ್ಲ, ಗುಂಪಿನ ಕೂಗನ್ನು ಮಾತ್ರ ಕೇಳಿದ ಎಂದು ನಂಬುವುದಾದರೆ ಅದು ಎಂಥ ದೇವರು? ಹಿಟ್ಲರ್ ಕೊಂದ ಸುಮಾರು 60 ಲಕ್ಷ ಯೆಹೂದ್ಯರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅದನ್ನು ದೇವರ ಶಿಕ್ಷೆ ಎನ್ನುವ ಮಾತನ್ನು ನಿಮ್ಮ ಗುಂಪಿನಲ್ಲಿ ಸುಮ್ನೆ ಬಿಡಬೇಡಿ. ಅಲ್ಲೇ ತಪ್ಪು ಅಂತ ಹೇಳಿ.

ಪೌಲನ ಮಾತನ್ನೂ ಎರಡೂ ಕಡೆಯವರು ಎತ್ತಿಕೊಳ್ಳುತ್ತಾರೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ ಯೇಸುವನ್ನು ಕೊಂದವರು ಎಂಬ ಕಠಿಣ ಮಾತಿದೆ. ಆದರೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ, 9ರಿಂದ 11ನೇ ಅಧ್ಯಾಯದವರೆಗೆ, ಅವನು ಕೂತು ಯೋಚಿಸಿ ಬರೆಯುತ್ತಾನೆ. ದೇವರು ತನ್ನ ಜನರನ್ನು ಕೈಬಿಟ್ಟನೇ? ಇಲ್ಲವೇ ಇಲ್ಲ ಅನ್ನುತ್ತಾನೆ. ಎಣ್ಣೇಮರಕ್ಕೆ (ಆಲಿವ್ ಮರಕ್ಕೆ) ಕಸಿ ಕಟ್ಟಿದ ಕಾಡುಕೊಂಬೆ ನೀವು, ಬೇರನ್ನು ಹೊತ್ತವರು ನೀವಲ್ಲ, ಬೇರೇ ನಿಮ್ಮನ್ನು ಹೊತ್ತಿದೆ ಎಂದು ಯೆಹೂದ್ಯರಲ್ಲದ ಕ್ರೈಸ್ತರಿಗೆ ಎಚ್ಚರಿಸುತ್ತಾನೆ. ಈ ಮೂರು ಅಧ್ಯಾಯ ಮುಂದಿನ ಶತಮಾನಗಳಲ್ಲಿ ಕಿವಿಗೆ ಬಿದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಬಿದ್ದಿಲ್ಲ. ಎರಡನೇ ಶತಮಾನದಲ್ಲಿ ಸಾರ್ದಿಸ್ ಊರಿನ ಬಿಷಪ್ ಮೆಲಿತೋ ಪಸ್ಕಹಬ್ಬದ ಪ್ರಸಂಗದಲ್ಲಿ ಇಸ್ರಾಯೇಲ್ ದೇವರನ್ನೇ ಕೊಂದಿತು ಎಂಬ ಆರೋಪ ಹೊರಿಸಿದ. "ದೇವಹಂತಕರು" ಎಂಬ ಹಣೆಪಟ್ಟಿ ಅಲ್ಲಿಂದ ಬೆಳೆಯಿತು. 386-387ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೋಮ್ ಯೆಹೂದ್ಯರ ವಿರುದ್ಧ ಎಂಟು ಪ್ರಸಂಗ ಮಾಡಿದ. ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗನ್ನು ವೇಶ್ಯಾಗೃಹ, ದೆವ್ವಗಳ ಮನೆ ಅನ್ನುವ ಮಟ್ಟದ ಭಾಷೆ. ಅವನಿಗೆ ಅಷ್ಟು ಸಿಟ್ಟು ಬರಲು ಕಾರಣ ಏನಿತ್ತು? ಅವನ ಸಭೆಯ ಕ್ರೈಸ್ತರೇ ಯೆಹೂದ್ಯರ ಹಬ್ಬಕ್ಕೆ ಹೋಗುತ್ತಿದ್ದರು, ಅವರ ಜೊತೆ ಉಪವಾಸ ಮಾಡುತ್ತಿದ್ದರು, ಆಣೆ ಮಾಡಬೇಕಾದರೆ ಸಿನಗಾಗೇ ಗಟ್ಟಿ ಅನ್ನುತ್ತಿದ್ದರು. ಅಂದರೆ ಊರಿನ ಸಾಮಾನ್ಯ ಜನ ಚೆನ್ನಾಗೇ ಇದ್ದರು. ಬೇಲಿ ಹಾಕಬೇಕು ಅನ್ನಿಸಿದ್ದು ಮೇಲಿದ್ದವರಿಗೆ.

ಇಲ್ಲೊಂದು ಘಟನೆ ವಿವರವಾಗಿ ಹೇಳಬೇಕು. ಯಾಕೆಂದರೆ ನನ್ನ ಪ್ರಕಾರ ಎಲ್ಲ ತಿರುಗಿದ್ದು ಇಲ್ಲಿ. 388ರ ಸುಮಾರಿಗೆ ಯೂಫ್ರೆಟಿಸ್ ದಡದ ಕಲ್ಲಿನಿಕುಮ್ ಎಂಬ ಊರಿನಲ್ಲಿ, ಅಂದರೆ ಇವತ್ತಿನ ಸಿರಿಯಾದ ರಕ್ಕಾದಲ್ಲಿ, ಕ್ರೈಸ್ತರ ಗುಂಪೊಂದು ಸಿನಗಾಗನ್ನು ಸುಟ್ಟುಹಾಕಿತು. ಎತ್ತಿಕಟ್ಟಿದವನು ಅಲ್ಲಿನ ಬಿಷಪ್. ಚಕ್ರವರ್ತಿ ಥಿಯೋಡೋಸಿಯಸ್ ಸ್ವತಃ ಕ್ರೈಸ್ತ. ಆದರೂ ಮೊದಲು ನ್ಯಾಯವಾದ ಆಜ್ಞೆಯನ್ನೇ ಹೊರಡಿಸಿದ: ಬಿಷಪ್ಪನೇ ತನ್ನ ಖರ್ಚಿನಲ್ಲಿ ಸಿನಗಾಗ್ ಕಟ್ಟಿಕೊಡಲಿ. ಮಿಲಾನಿನ ಬಿಷಪ್ ಆಂಬ್ರೋಸ್ ಇದನ್ನು ಒಪ್ಪಲಿಲ್ಲ. ಕ್ರೈಸ್ತರ ದುಡ್ಡಿನಲ್ಲಿ ಸಿನಗಾಗ್ ಏಳುವುದೇ ಎಂದು ಪತ್ರ ಬರೆದ. ಆಮೇಲೆ ಚರ್ಚಿನಲ್ಲಿ, ಚಕ್ರವರ್ತಿಯ ಎದುರಿಗೇ ನಿಂತು, ಆಜ್ಞೆ ಹಿಂತೆಗೆದುಕೊಳ್ಳುವ ಮಾತು ಕೊಡುವವರೆಗೆ ಪೂಜೆ ಮುಂದುವರಿಸುವುದಿಲ್ಲ ಅಂದ. ಚಕ್ರವರ್ತಿ ಮಣಿದ. ಮತ್ತಾಯನ ಕಾಲದಲ್ಲಿ ಸೈನ್ಯವಾಗಲಿ ಕೋರ್ಟಾಗಲಿ ಇಲ್ಲದ ಒಂದು ಸಣ್ಣ ಗುಂಪು ಆಡಿದ ಮಾತು, ಮುನ್ನೂರು ವರ್ಷದಲ್ಲಿ ಸಾಮ್ರಾಜ್ಯದ ಕೈಗೆ ಸಿಕ್ಕಿತ್ತು. ವಚನದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಓದುವವನ ಕೈಯಲ್ಲಿ ಈಗ ಕತ್ತಿ ಇತ್ತು.

ಸುಮಾರು ಅದೇ ಕಾಲದ ಇನ್ನೊಬ್ಬ ಬಿಷಪ್ ಅಗಸ್ಟೀನ್ ಒಂದು ಮಧ್ಯದ ದಾರಿ ಹುಡುಕಿದ. ಯೆಹೂದ್ಯರನ್ನು ಕೊಲ್ಲಬಾರದು, ಅವರು ಹಳೆಯ ಗ್ರಂಥ ಹೊತ್ತು ತಿರುಗುವ ಸಾಕ್ಷಿಗಳು ಅಂದ. 59ನೇ ಕೀರ್ತನೆಯ "ಅವರನ್ನು ಕೊಲ್ಲಬೇಡ" ಎಂಬ ಸಾಲನ್ನು ಅದಕ್ಕೆ ಹಿಡಿದ. ಇದರಿಂದ ಯೆಹೂದ್ಯರ ಜೀವಕ್ಕೆ ಒಂದಷ್ಟು ರಕ್ಷಣೆ ಸಿಕ್ಕಿತು ನಿಜ. ಬದುಕಲಿ, ಆದರೆ ತಲೆ ತಗ್ಗಿಸಿ ಬದುಕಲಿ ಎನ್ನುವುದು ಅದರ ಇನ್ನೊಂದು ಮುಖ.

ಸಾಮಾನ್ಯ ಜನ ಪಂಡಿತರ ಪುಸ್ತಕ ಓದುತ್ತಿರಲಿಲ್ಲ. ಅವರ ಮನಸ್ಸಿಗೆ ಇದು ಇಳಿದದ್ದು ಪೂಜೆಯ ಮೂಲಕ, ಅದರಲ್ಲೂ ಗುಡ್ ಫ್ರೈಡೇ ದಿನ. ಆ ದಿನದ ಲ್ಯಾಟಿನ್ ಪ್ರಾರ್ಥನೆಯಲ್ಲಿ ಸಭೆ, ದೊರೆ, ರೋಗಿಗಳು ಹೀಗೆ ಒಬ್ಬೊಬ್ಬರಿಗಾಗಿ ಬೇಡಿಕೆ ಇರುತ್ತಿತ್ತು. ಪ್ರತಿ ಬೇಡಿಕೆಗೂ ಎಲ್ಲರೂ ಮೊಣಕಾಲೂರುತ್ತಿದ್ದರು. "ವಿಶ್ವಾಸವಿಲ್ಲದ ಯೆಹೂದ್ಯರಿಗಾಗಿ" ಎಂಬ ಬೇಡಿಕೆ ಬಂದಾಗ ಮಾತ್ರ ಮೊಣಕಾಲೂರುವಂತಿರಲಿಲ್ಲ. ಅಕ್ಷರ ಬಾರದ ರೈತನಿಗೂ, ಅಮ್ಮನ ಕೈ ಹಿಡಿದು ನಿಂತ ಮಗುವಿಗೂ ಆ ಪಾಠ ಅರ್ಥವಾಗುತ್ತಿತ್ತು. ಸಾವಿರ ವರ್ಷ ಹೀಗೇ ನಡೆಯಿತು. ಮೊಣಕಾಲೂರುವುದು ಮತ್ತೆ ಬಂದದ್ದು 1955ರಲ್ಲಿ. ಆ ಹೀನಾಯದ ವಿಶೇಷಣವನ್ನು ಪೋಪ್ 23ನೇ ಜಾನ್ ತೆಗೆಸಿದ್ದು 1959ರಲ್ಲಿ.

ಆಮೇಲಿನದು ರಕ್ತದ ಕತೆ. 1096ರಲ್ಲಿ ಮೊದಲ ಕ್ರುಸೇಡಿಗೆ, ಅಂದರೆ ಯೆರೂಸಲೇಮ್ ಗೆಲ್ಲುವ ಧರ್ಮಯುದ್ಧಕ್ಕೆ, ಹೊರಟ ಗುಂಪುಗಳು ಯೆರೂಸಲೇಮ್ ಮುಟ್ಟುವ ಮೊದಲೇ ರೈನ್ ನದಿ ದಡದ ವೋರ್ಮ್ಸ್, ಮೈನ್ಜ್ ಊರುಗಳ ಯೆಹೂದ್ಯರನ್ನು ಕೊಂದವು. 1215ರ ಲ್ಯಾಟರನ್ ಮಹಾಸಭೆ ಯೆಹೂದ್ಯರು ಬಟ್ಟೆಯಿಂದಲೇ ಗುರುತು ಸಿಗುವಂತೆ ಇರಬೇಕು ಅಂದಿತು. ಬಡ್ಡಿ ವ್ಯಾಪಾರದ ದ್ವೇಷಕ್ಕೂ ಗ್ರಂಥದ ನಂಟಿದೆ. ಕ್ರೈಸ್ತರಿಗೆ ಬಡ್ಡಿ ನಿಷೇಧ, ಯೆಹೂದ್ಯರಿಗೆ ಬಹಳ ಕಡೆ ಜಮೀನೂ ಇಲ್ಲ, ಕಸುಬಿನ ಸಂಘಗಳಲ್ಲಿ ಜಾಗವೂ ಇಲ್ಲ. ಸಾಲ ಕೊಡುವ ಕೆಲಸಕ್ಕೆ ಅವರನ್ನು ತಳ್ಳಿ, ಆಮೇಲೆ ಅದಕ್ಕೇ ಬೈದರು. 1190ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸುಮಾರು 150 ಯೆಹೂದ್ಯರು ಕೋಟೆಯ ಗೋಪುರದಲ್ಲಿ ಸಿಕ್ಕಿಬಿದ್ದು ಸತ್ತರು. ದಾಳಿ ಮಾಡಿದವರು ಅಲ್ಲಿಂದ ನೇರವಾಗಿ ಹೋಗಿದ್ದು ದೊಡ್ಡ ಚರ್ಚಿಗೆ. ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಟ್ಟರು.

ಎಲ್ಲಕ್ಕಿಂತ ವಿಚಿತ್ರವಾದ ಸುಳ್ಳು ರಕ್ತದ ಅಪವಾದ. 1144ರಲ್ಲಿ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗ ಕೊಲೆಯಾದ. ಕೆಲವು ವರ್ಷದ ನಂತರ ಒಬ್ಬ ಸನ್ಯಾಸಿ, ಯೆಹೂದ್ಯರೇ ಯೇಸುವನ್ನು ಅಣಕಿಸಲು ಅವನನ್ನು ಹಿಂಸಿಸಿ ಕೊಂದರು ಎಂದು ಬರೆದ. ಮುಂದೆ ಇದಕ್ಕೆ, ಪಸ್ಕದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರೆ ಎಂಬ ಕತೆ ಸೇರಿತು. ಯೆಹೂದ್ಯರ ಅಡುಗೆಮನೆ ನೋಡಿದವರಾರೂ ಇದನ್ನು ನಂಬಲಾರರು. ಯಾಜಕಕಾಂಡದ 17ನೇ ಅಧ್ಯಾಯ ರಕ್ತ ತಿನ್ನುವುದನ್ನೇ ನಿಷೇಧಿಸುತ್ತದೆ. ಅದಕ್ಕೆ ಅವರು ಮಾಂಸವನ್ನು ನೀರಲ್ಲಿ ನೆನೆಹಾಕಿ, ಉಪ್ಪು ಸವರಿ, ರಕ್ತವೆಲ್ಲ ಇಳಿದ ಮೇಲೆ ತೊಳೆದು ಬೇಯಿಸುತ್ತಾರೆ. ಮೊಟ್ಟೆಯಲ್ಲಿ ಒಂದು ಹನಿ ರಕ್ತ ಕಂಡರೂ ಎಸೆಯುತ್ತಾರೆ. ಅಂಥವರ ಮೇಲೆ ಈ ಆರೋಪ! 1247ರಲ್ಲಿ ಪೋಪ್ 4ನೇ ಇನ್ನೊಸೆಂಟ್ ಇದನ್ನು ಸುಳ್ಳು ಅಂದ. ಆದರೂ 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸಿಮೋನ್ ಎಂಬ ಮಗುವಿನ ಹೆಸರಲ್ಲಿ ಅಲ್ಲಿನ ಯೆಹೂದ್ಯರನ್ನು ಹಿಂಸಿಸಿ ಕೊಂದರು. ಮಗುವನ್ನು ಸಂತನೆಂದು ಪೂಜಿಸಿದರು. ಆ ಪೂಜೆ ನಿಂತದ್ದು 1965ರಲ್ಲಿ.

ನಿಮ್ಮ ಚರ್ಚು ಪ್ರೊಟೆಸ್ಟೆಂಟ್ ಆಗಿದ್ದರೆ ಆ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರನ ವಿಷಯ ಗೊತ್ತಿರಲೇಬೇಕು. 1523ರಲ್ಲಿ ಅವನು ಯೇಸು ಯೆಹೂದ್ಯನಾಗಿ ಹುಟ್ಟಿದವನು, ಯೆಹೂದ್ಯರನ್ನು ಪ್ರೀತಿಯಿಂದ ನೋಡಿಕೊಳ್ಳಿ ಎಂದು ಬರೆದ. ಅವರು ಮತಾಂತರ ಆಗಲಿಲ್ಲ. 1543ರಲ್ಲಿ ಅದೇ ಕೈ ಸಿನಗಾಗ್ ಸುಡಿ, ಮನೆ ಕೆಡವಿ, ಅವರ ಪುಸ್ತಕ ಕಿತ್ತುಕೊಳ್ಳಿ ಎಂದು ಬರೆಯಿತು. ಪ್ರೀತಿಗೆ ಮತಾಂತರದ ಷರತ್ತು ಹಾಕಿದರೆ ಅದು ಎಲ್ಲಿಗೆ ಮುಟ್ಟುತ್ತದೆ ನೋಡಿ. 1946ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ಪತ್ರಿಕೆಯ ಯೂಲಿಯಸ್ ಸ್ಟ್ರೈಷರ್, ಲೂಥರ್ ಬದುಕಿದ್ದರೆ ಇವತ್ತು ಈ ಕಟಕಟೆಯಲ್ಲಿ ಅವನೂ ನಿಲ್ಲಬೇಕಿತ್ತು ಎಂಬರ್ಥದ ಮಾತಾಡಿದ. ಅದು ನುಣುಚಿಕೊಳ್ಳುವ ಮಾತು. ಆದರೆ ನೆಪಕ್ಕೆ ಅವನಿಗೆ ಲೂಥರ್ ಸಿಕ್ಕ ಎನ್ನುವುದನ್ನೂ ಮರೆಯುವಂತಿಲ್ಲ.

ಹಾಗಾದರೆ ಹಿಟ್ಲರನ ದ್ವೇಷ ಬೈಬಲಿನದೇ? ನೇರವಾಗಿ ಅಲ್ಲ. ಚರ್ಚಿನ ದ್ವೇಷದಲ್ಲಿ ಒಂದು ಬಾಗಿಲು ತೆರೆದಿರುತ್ತಿತ್ತು: ದೀಕ್ಷಾಸ್ನಾನ ಆದರೆ ಒಳಗೆ ಬರಬಹುದು. ನಾಜಿಗಳು ಅದನ್ನೂ ಮುಚ್ಚಿದರು. 1935ರ ಕಾನೂನು ನಂಬಿಕೆಯನ್ನು ಕೇಳಲಿಲ್ಲ, ಅಜ್ಜ ಅಜ್ಜಿಯರನ್ನು ಎಣಿಸಿತು. ಎಡಿತ್ ಸ್ಟೈನ್ ಯೆಹೂದ್ಯ ಮನೆಯಲ್ಲಿ ಹುಟ್ಟಿ ಕ್ಯಾಥೋಲಿಕ್ ಸನ್ಯಾಸಿನಿ ಆದವರು. 1942ರ ಆಗಸ್ಟಿನಲ್ಲಿ ಅವರನ್ನೂ ಔಷ್ವಿಟ್ಜ್‌ನಲ್ಲಿ ಕೊಂದರು. ಇದು ಜನಾಂಗದ ಹೆಸರಿನ ದ್ವೇಷ, 19ನೇ ಶತಮಾನದ ಹುಸಿ ವಿಜ್ಞಾನದಿಂದ ಬೆಳೆದದ್ದು. ಆದರೆ ನೆರೆಮನೆಯವರನ್ನು ಎಳೆದೊಯ್ಯುವಾಗ ಅಷ್ಟೊಂದು ಜನ ಯಾಕೆ ಸುಮ್ಮನಿದ್ದರು? ಆ ಮೌನಕ್ಕೆ ನೆಲ ಹದ ಮಾಡಿದ್ದರಲ್ಲಿ ಆ ಪ್ರಸಂಗಗಳ, ಆ ಪ್ರಾರ್ಥನೆಯ ಪಾಲು ದೊಡ್ಡದು.

ಕುರ್‌ಆನ್ ವಿಷಯಕ್ಕೆ ಬರೋಣ. ಮುಖ್ಯ ವ್ಯತ್ಯಾಸ ಒಂದಿದೆ. 4ನೇ ಅಧ್ಯಾಯದ 157ನೇ ವಚನ, ಅವರು ಯೇಸುವನ್ನು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ ಅನ್ನುತ್ತದೆ. ಹಾಗಾಗಿ ದೇವರನ್ನು ಕೊಂದ ಆರೋಪಕ್ಕೆ ಅಲ್ಲಿ ಜಾಗವೇ ಇಲ್ಲ. ಕಟುವಾದ ವಚನಗಳು ಇವೆ. 5:82 ವಿಶ್ವಾಸಿಗಳ ಮೇಲೆ ಅತಿ ಹೆಚ್ಚು ಹಗೆ ಇರುವವರಲ್ಲಿ ಯೆಹೂದ್ಯರನ್ನು ಹೆಸರಿಸುತ್ತದೆ. ಇವುಗಳ ಹಿಂದೆ ಮದೀನಾದ ಯೆಹೂದ್ಯ ಕುಲಗಳ ಜೊತೆಗಿನ ಸಂಘರ್ಷ ಇದೆ. 627ರಲ್ಲಿ ಬನೂ ಕುರೈಝಾ ಕುಲದ ಗಂಡಸರನ್ನು ಕೊಂದದ್ದನ್ನು ಇಸ್ಲಾಮಿನ ಸಾಂಪ್ರದಾಯಿಕ ಚರಿತ್ರೆಯೇ ಹೇಳುತ್ತದೆ. ಅದೇ ಗ್ರಂಥ 2:62ರಲ್ಲಿ ಯೆಹೂದ್ಯರಿಗೂ ದೇವರ ಬಳಿ ಪ್ರತಿಫಲ ಇದೆ ಅನ್ನುತ್ತದೆ. 3:113ರಲ್ಲಿ ಅವರೆಲ್ಲ ಒಂದೇ ತರ ಅಲ್ಲ ಅನ್ನುತ್ತದೆ. 5:5ರಲ್ಲಿ ಅವರ ಮನೆಯ ಊಟ ಹಲಾಲ್ ಅನ್ನುತ್ತದೆ. ಮುಸ್ಲಿಂ ಆಳ್ವಿಕೆಯಲ್ಲಿ ಯೆಹೂದ್ಯರು ಜಿಝ್ಯಾ ಎಂಬ ತಲೆಗಂದಾಯ ಕಟ್ಟಿ, ಕೆಳಗಿನ ದರ್ಜೆಯಲ್ಲಿ, ಆದರೆ ಕಾನೂನಿನ ರಕ್ಷಣೆಯಲ್ಲಿ ಬದುಕಿದರು. 1066ರ ಗ್ರನಾಡಾ ಹತ್ಯಾಕಾಂಡದಂಥ ಕ್ರೌರ್ಯಗಳೂ ನಡೆದವು.

ರಕ್ತದ ಅಪವಾದ ಮುಸ್ಲಿಂ ನಾಡುಗಳಿಗೆ ಹೋದದ್ದು ಮುಖ್ಯವಾಗಿ ಕ್ರೈಸ್ತರ ಮೂಲಕ. 1840ರಲ್ಲಿ ಡಮಾಸ್ಕಸ್‌ನಲ್ಲಿ ಒಬ್ಬ ಕ್ಯಾಪುಚಿನ್ ಪಾದ್ರಿ ಕಾಣೆಯಾದ. ಅಲ್ಲಿದ್ದ ಫ್ರೆಂಚ್ ಕಾನ್ಸಲ್ ಯೆಹೂದ್ಯರ ಮೇಲೆ ಬೆರಳು ತೋರಿಸಿದ, ಹಲವರನ್ನು ಹಿಂಸಿಸಿದರು. ಅದೇ ವರ್ಷ ಒಟ್ಟೊಮನ್ ಸುಲ್ತಾನ ಅಬ್ದುಲ್ ಮಜೀದ್ ಈ ಆರೋಪ ಸುಳ್ಳು ಎಂದು ಫರ್ಮಾನು ಹೊರಡಿಸಿದ. ಇತ್ತೀಚೆಗೆ, 1988ರ ಹಮಾಸ್ ಸನ್ನದು ಒಂದು ಹದೀಸನ್ನು (ಪ್ರವಾದಿಯ ಮಾತೆಂದು ದಾಖಲಾದದ್ದು), ಅಂತ್ಯಕಾಲದಲ್ಲಿ ಕಲ್ಲು ಮರಗಳೂ ತಮ್ಮ ಹಿಂದೆ ಅಡಗಿದ ಯೆಹೂದ್ಯನನ್ನು ತೋರಿಸಿಕೊಡುತ್ತವೆ ಎಂಬುದನ್ನು, ಎತ್ತಿ ಹಾಕಿಕೊಂಡಿತು. ಯುರೋಪಿನ ಹಳೆಯ ಸುಳ್ಳುಗಳನ್ನೂ ಅದರ ಜೊತೆ ಸೇರಿಸಿತು. ಇಸ್ರೇಲ್ ಸರ್ಕಾರದ ಕೆಲಸವನ್ನು ಟೀಕಿಸುವುದು ಬೇರೆ, ಇದು ಬೇರೆ.

ಇದು ನಮ್ಮ ನೆಲಕ್ಕೆ ಸಂಬಂಧವೇ ಇಲ್ಲದ ಕತೆ ಅಂದುಕೊಳ್ಳಬೇಡಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟುನೀಸಿಯಾ ಕಡೆಯ ಯೆಹೂದ್ಯ ವ್ಯಾಪಾರಿ ಮಂಗಳೂರಿಗೆ ಬಂದು ವರ್ಷಗಟ್ಟಲೆ ಇದ್ದ. ಇಲ್ಲಿ ಕಂಚಿನ ಪಾತ್ರೆ ಮಾಡಿಸಿದ, ಮೆಣಸು ಸಾಗಿಸಿದ, ಇಲ್ಲಿನ ಆಶು ಎಂಬ ಹೆಣ್ಣಿನ ಜೊತೆ ಸಂಸಾರ ಮಾಡಿದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕಿವೆ. ನಾರ್ವಿಚ್‌ನಲ್ಲಿ ಆ ಸುಳ್ಳು ಹುಟ್ಟಿದ ಶತಮಾನವೂ ಅದೇ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಸಿನಗಾಗ್ ಅರಮನೆಯ ಪಕ್ಕದಲ್ಲೇ ಇದೆ. ನಮ್ಮ ಕರಾವಳಿಗೆ ಈ ದ್ವೇಷ ಹಡಗು ಹತ್ತಿ ಬಂತು. 1560ರಲ್ಲಿ ಪೋರ್ಚುಗೀಸರು ಗೋವಾದಲ್ಲಿ ಇಂಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಶುರುಮಾಡಿದರು. ಅದರ ಮೊದಲ ಗುರಿಗಳಲ್ಲಿ ಒಂದು, ಕ್ರೈಸ್ತರಾಗಿ ಬದಲಾದ ಯೆಹೂದ್ಯರು. ಗಾರ್ಸಿಯಾ ದ ಓರ್ತಾ ಗೋವಾದಲ್ಲಿದ್ದ ದೊಡ್ಡ ವೈದ್ಯ, ನಮ್ಮ ಗಿಡಮೂಲಿಕೆಗಳ ಬಗ್ಗೆ 1563ರಲ್ಲೇ ಪುಸ್ತಕ ಅಚ್ಚು ಹಾಕಿಸಿದವನು. ಅವನು ತೀರಿದ ಮೇಲೆ 1569ರಲ್ಲಿ ಅವನ ತಂಗಿ ಕತರೀನಾಳನ್ನು ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದಳೆಂದು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು.

ಚರ್ಚು ತನ್ನ ಓದನ್ನು ತಿದ್ದಿಕೊಂಡದ್ದರ ಹಿಂದೆ ಒಬ್ಬ ಇತಿಹಾಸದ ಮೇಷ್ಟ್ರ ಹಟ ಇದೆ. ಫ್ರಾನ್ಸಿನ ಜೂಲ್ ಐಸಾಕ್, ಯೆಹೂದ್ಯ. ಯುದ್ಧದಲ್ಲಿ ಹೆಂಡತಿ, ಮಗಳು ಇಬ್ಬರನ್ನೂ ನಾಜಿಗಳಿಗೆ ಕಳೆದುಕೊಂಡರು. ತಲೆಮರೆಸಿಕೊಂಡು ಓಡಾಡುತ್ತಲೇ ಸುವಾರ್ತೆಗಳನ್ನು ಸಾಲುಸಾಲಾಗಿ ಓದಿ, ಸುವಾರ್ತೆ ಹೇಳುವುದಕ್ಕೂ ಚರ್ಚು ಕಲಿಸಿದ್ದಕ್ಕೂ ಎಷ್ಟು ಅಂತರ ಇದೆ ಎಂದು ತೋರಿಸಿದರು. 1960ರ ಜೂನಿನಲ್ಲಿ, 80 ದಾಟಿದ ವಯಸ್ಸಿನಲ್ಲಿ, ಪೋಪ್ 23ನೇ ಜಾನ್ ಅವರನ್ನು ಭೇಟಿ ಮಾಡಿ, ಬೋಧನೆ ಬದಲಿಸಿ ಎಂದು ಕೇಳಿದರು. ಐದು ವರ್ಷದ ನಂತರ, 1965ರ ಅಕ್ಟೋಬರ್ 28ರಂದು, ಎರಡನೇ ವ್ಯಾಟಿಕನ್ ಮಹಾಸಭೆ 2,221 ಮತಗಳ ಒಪ್ಪಿಗೆಯಿಂದ, 88 ವಿರೋಧದ ನಡುವೆ, ಒಂದು ಘೋಷಣೆ ಅಂಗೀಕರಿಸಿತು. ಯೇಸುವಿನ ಮರಣದ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ, ಈಗಿನ ಯೆಹೂದ್ಯರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಅದರಲ್ಲಿದೆ. 1994ರಲ್ಲಿ ಅಮೆರಿಕದ ಅತಿ ದೊಡ್ಡ ಲೂಥರನ್ ಸಭೆ ಲೂಥರನ ಆ ಬರಹವನ್ನು ಬಹಿರಂಗವಾಗಿ ತಿರಸ್ಕರಿಸಿತು.

ಮತ್ತಾಯನ 27ನೇ ಅಧ್ಯಾಯವನ್ನು ಪಾಠದಿಂದ ಬಿಡಬೇಡಿ. ಬಿಟ್ಟರೆ ಮಕ್ಕಳು ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಲಿಯುತ್ತಾರೆ. ಓದಿಸಿ, 25ನೇ ವಚನದಲ್ಲಿ ನಿಲ್ಲಿಸಿ, ಇದು ಒಬ್ಬ ಸುವಾರ್ತೆಗಾರ ಮಾತ್ರ ಬರೆದದ್ದು, ಇದರ ಹೆಸರಲ್ಲಿ ಹೀಗೆಲ್ಲ ಆಯಿತು ಎಂದು ಹೇಳಿ. ಅದೇ ದಿನ ಲೂಕನ 23ನೇ ಅಧ್ಯಾಯವನ್ನೂ ಓದಿಸಿ. ಅದರ ಮುಂದಿನ ಭಾನುವಾರ ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ತೆಗೆದುಕೊಳ್ಳಿ. ಏಳನೇ ಕ್ಲಾಸಿನವರಿಗೆ ಕಸಿ ಕಟ್ಟುವುದು ಚೆನ್ನಾಗಿ ಅರ್ಥವಾಗುತ್ತದೆ, ತೋಟ ಇರುವ ಮನೆಯ ಮಕ್ಕಳಿದ್ದರೆ ಅವರಿಂದಲೇ ವಿವರಿಸಲು ಹೇಳಿ.